ವ್ಯಾಕ್ಸ್ ಹಚ್ಚುವ ಮೆಷಿನ್, ಬಣ್ಣ ತೇಯುವ ಮೆಷಿನ್

ಮುರಕಲ್ಲಿನ ಧೂಳು ಕೂತ ಕಾರನ್ನು ಒಣ ಬಟ್ಟೆಯಲ್ಲಿ ಒರೆಸಲೇಬಾರದು. ಕಾಸರಗೋಡಿನ ಬದಿಯಡ್ಕ, ಪೈವಳಿಕೆ ಕಡೆಯ ಮಣ್ಣುರಸ್ತೆಯಿಂದ ಏಳುವ ಕೆಂಪು ಧೂಳಿನಲ್ಲಿ ಕಬ್ಬಿಣದ ಆಕ್ಸೈಡಿನ ಜತೆ ಬೆಣಚುಕಲ್ಲಿನ ಕಣಗಳೂ ಇರುತ್ತವೆ. ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ಬೆಣಚುಕಲ್ಲಿನದು 7ನೇ ಸ್ಥಾನ. ಕಾರಿನ ಮೇಲ್ಪದರವೋ ಒಂದು ಬಗೆಯ ಪ್ಲಾಸ್ಟಿಕ್. ಒರೆಸಿದಷ್ಟೂ ಗೀರು. ಬಿಸಿಲಿನಲ್ಲಿ ಬಾನೆಟ್ ಮೇಲೆ ಸುತ್ತುಸುತ್ತಾಗಿ ಕಾಣುವ ಗೆರೆಗಳು ಇವೇ. ನಿಜಕ್ಕೂ ಗೀರುಗಳು ದಿಕ್ಕಿಗೊಂದರಂತೆ ಇರುತ್ತವೆ. ಸೂರ್ಯನ ಬೆಳಕನ್ನು ನಮ್ಮ ಕಣ್ಣಿನತ್ತ ತಿರುಗಿಸುವಂಥವಷ್ಟೇ ಮಿನುಗುವುದರಿಂದ ವೃತ್ತದ ಹಾಗೆ ತೋರುತ್ತವೆ.

ಇದಕ್ಕೆ ಮದ್ದೆಂದು ಮಳೆಗಾಲಕ್ಕೆ ಮುಂಚೆ ಹಲವರು ‘ಮೆಷಿನ್ ಪಾಲಿಶ್’ ಹಾಕಿಸುತ್ತಾರೆ. ಅದೇ ಮೆಷಿನ್ ಎರಡು ತದ್ವಿರುದ್ಧ ಕೆಲಸ ಮಾಡಬಲ್ಲದು ಎಂಬುದು ಗೊತ್ತಿಲ್ಲದೆ ಹಾಕಿಸುವುದು ಕಂಡರೆ ನನಗೆ ಸಂಕಟವಾಗುತ್ತದೆ. ಪಾಲಿಶ್ ಎಂದರೆ ಅಲ್ಯೂಮಿನಿಯಂ ಆಕ್ಸೈಡಿನಂಥ ನುಣ್ಣನೆಯ ಪುಡಿಯಿಂದ ಮೇಲ್ಪದರವನ್ನು ತೇಯುವುದು. ಸುತ್ತಲಿನ ಭಾಗ ಗೀರಿನ ತಳದ ಮಟ್ಟಕ್ಕೆ ಇಳಿದಾಗ ಗೀರು ಮಾಯವಾಗುತ್ತದೆ. ವ್ಯಾಕ್ಸ್ ಹಾಗಲ್ಲ, ಅದು ಮೇಲೆ ತೆಳ್ಳಗೆ ಕೂರುವ ಮೇಣ. ಬಣ್ಣದ ಮೇಲಿನ ಪಾರದರ್ಶಕ ಕ್ಲಿಯರ್ ಕೋಟ್ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್ ದಪ್ಪ, ಅಂದರೆ ಹೆಚ್ಚೆಂದರೆ ಮಿಲಿಮೀಟರಿನ ಇಪ್ಪತ್ತನೇ ಒಂದು ಪಾಲು. ನೇರಳಾತೀತ ಕಿರಣಗಳಿಂದ ಬಣ್ಣವನ್ನು ಕಾಯುವುದೂ ಅದೇ. ತೇದುಹೋದದ್ದು ಮತ್ತೆ ಹುಟ್ಟುವುದಿಲ್ಲ. ಗೀರು ಕಣ್ಣಿಗೆ ರಾಚುವಷ್ಟಾದಾಗ ಮಾತ್ರ ಪಾಲಿಶ್ ಮಾಡಿಸಿ. ಮಳೆಗಾಲದ ಮುಂಚೆ ಬೇಕಾದದ್ದು ಬರೀ ವ್ಯಾಕ್ಸ್.

ರೋಟರಿ ಮೆಷಿನ್ ಒಂದೇ ಅಚ್ಚಿನ ಮೇಲೆ ಗಿರ್ರನೆ ಸುತ್ತುತ್ತದೆ. ಒಂದೇ ಜಾಗದಲ್ಲಿ ಹಿಡಿದು ನಿಂತರೆ ತಿಕ್ಕಾಟದ ಶಾಖಕ್ಕೆ ಬಣ್ಣ ಸುಟ್ಟುಹೋದೀತು. ಡ್ಯುಯಲ್ ಆ್ಯಕ್ಷನ್ ಎಂಬ ಇನ್ನೊಂದು ಬಗೆಯಲ್ಲಿ ಪ್ಯಾಡ್ ಸುತ್ತುತ್ತಲೇ ಆಚೀಚೆ ಓಲಾಡುತ್ತದೆ. ಸಾಮಾನ್ಯ ಮಾದರಿಗಳಲ್ಲಿ ಪ್ಯಾಡ್ ಬೇರಿಂಗಿನ ಮೇಲೆ ಬಿಡುವಾಗಿ ಕೂತಿರುವುದರಿಂದ ಜೋರಾಗಿ ಒತ್ತಿದರೆ ಸುತ್ತುವುದು ನಿಂತು ಓಲಾಟವಷ್ಟೇ ಉಳಿಯುತ್ತದೆ. ಮನೆಯಲ್ಲೇ ಮಾಡುವವರಿಗೆ ಇದೇ ಸರಿ. ಕಾರನ್ನು ತೊಳೆದು ಒಣಗಿಸಿ, ನೆರಳಲ್ಲಿ ತಣಿಯಲು ಬಿಡಿ. ಪಾಲಿಶ್ ಸೋಕದ ಮೆತ್ತನೆಯ ಸ್ಪಂಜಿನ ಪ್ಯಾಡಿಗೆ ಕಡಲೆಗಾತ್ರದ ಮೂರ್ನಾಲ್ಕು ಬೊಟ್ಟು ವ್ಯಾಕ್ಸ್ ಇಟ್ಟು, ಕಡಿಮೆ ವೇಗದಲ್ಲಿ, ಒತ್ತದೆ ಆಡಿಸಿ. ಕೊನೆಗೆ ಉಳಿಯುವ ಪದರ ಒಂದು ಮೈಕ್ರಾನಿಗೂ ಕಡಿಮೆ. ಹೆಚ್ಚು ಬಳಿದದ್ದೆಲ್ಲ ಬಟ್ಟೆಗೇ ಹೋಗುತ್ತದೆ. ಮೆಷಿನಿನಿಂದ ಆಗುವ ಉಪಕಾರ ಇಷ್ಟೇ: ಕೈಗಿಂತ ಸಮನಾಗಿ, ತೆಳ್ಳಗೆ ಹರಡುತ್ತದೆ. ವ್ಯಾಕ್ಸ್ ಒಣಗಿ ಮಂಜು ಕವಿದಂತಾದ ಮೇಲೆ ಮೈಕ್ರೋಫೈಬರ್ ಬಟ್ಟೆಯಲ್ಲಿ ಒರೆಸಿ. ಪಾಲಿಶ್ ಮಾಡುವುದಿದ್ದರೆ ಬಾಗಿಲಿನ ಅಂಚು, ಬಾನೆಟ್ಟಿನ ಏಣುಗಳನ್ನು ಬಿಟ್ಟುಬಿಡಿ. ಹಸಿ ಬಣ್ಣ ಚೂಪು ಅಂಚಿನಿಂದ ಹಿಂದೆ ಸರಿದು ಒಣಗುವುದರಿಂದ ಅಲ್ಲಿ ಪದರವೇ ತೆಳು.

ಈ ವ್ಯಾಕ್ಸ್‌ಗಳಲ್ಲಿ ಹೆಸರುವಾಸಿಯಾದದ್ದು ಕಾರ್ನೌಬಾ. ಈಶಾನ್ಯ ಬ್ರೆಜಿಲಿನ ಒಂದು ತಾಳೆಜಾತಿಯ ಮರ, ಒಣಹವೆಯಲ್ಲಿ ನೀರು ಆರಿಹೋಗದಂತೆ ತನ್ನ ಎಲೆಗಳ ಮೇಲೆ ಒಸರಿಸಿಕೊಳ್ಳುವ ಮೇಣ ಅದು. ಎಲೆ ಒಣಗಿಸಿ, ಬಡಿದು ಉದುರಿಸಿಕೊಳ್ಳುತ್ತಾರೆ. ಜೇನುಮೇಣ 60 ಡಿಗ್ರಿ ದಾಟಿದೊಡನೆ ಕರಗಿದರೆ ಇದಕ್ಕೆ 80ಕ್ಕಿಂತ ಹೆಚ್ಚು ಬೇಕು. ನಮ್ಮ ಹಿತ್ತಲ ಕೆಸುವಿನ ಎಲೆಗೂ ಮೇಣದ ಲೇಪವಿದೆ. ಆದರೆ ಅಲ್ಲಿ ಕಣ್ಣಿಗೆ ಕಾಣದ ಉಬ್ಬುತಗ್ಗುಗಳೂ ಇರುವುದರಿಂದ ಹನಿ ದುಂಡಗಾಗಿ ಉರುಳಿಹೋಗುತ್ತದೆ. ನುಣುಪಾದ ಕಾರಿನ ಮೇಲೆ ಹನಿ ಅರೆದುಂಡಾಗಿ ಕೂತುಬಿಡಬಹುದು. ಕೊಳವೆಬಾವಿಯ ಗಡಸು ನೀರಾದರೆ ಕೂತಲ್ಲೇ ಆರಿ, ಸುಣ್ಣದ ಬಿಳಿ ಕಲೆ ಉಳಿಸುತ್ತದೆ. ಹಾಗಾಗಿ ವ್ಯಾಕ್ಸ್ ಇದ್ದರೂ ತೊಳೆದ ಮೇಲೆ ನೀರನ್ನು ಬಟ್ಟೆಗೆ ಹೀರಿಸಲೇಬೇಕು.

ಕಡಲ ಕರೆಯ ಮಂಜೇಶ್ವರ, ಕುಂಬಳೆಯವರಿಗೆ ಇನ್ನೊಂದು ಮಾತು. ಉಪ್ಪುಗಾಳಿಯ ತುಕ್ಕು ಹೊಳೆಯುವ ಬಾನೆಟ್ಟಿಗಿಂತ ಮೊದಲು ಕಲ್ಲು ಬಡಿದು ಬಣ್ಣ ಹಾರಿದಲ್ಲಿ, ಚಕ್ರದ ಕಮಾನಿನೊಳಗೆ, ಗಾಡಿಯ ಅಡಿಯಲ್ಲಿ ಹಿಡಿಯುತ್ತದೆ. ಹೀಗೆ ಮೇಲಿಂದ ಹಚ್ಚುವ ವ್ಯಾಕ್ಸ್ ಅಲ್ಲಿಗೆ ತಲುಪುವುದಿಲ್ಲ. ಬಣ್ಣ ಹಾರಿದ ಚುಕ್ಕೆಗೆ ಟಚ್‌ಅಪ್ ಪೇಂಟ್ ಹಾಕಿ, ಅಡಿಭಾಗಕ್ಕೆ ಸಿಹಿನೀರು ಹಾಯಿಸಿ ತೊಳೆಯಬೇಕು.