ಬಿಗಿಯುವುದು ಬಟ್ಟೆ, ಬೋನ್ ಅಲ್ಲ

ಕಾರ್ಸೆಟ್ಟಿನೊಳಗೆ, ಅಂದರೆ ಬೆನ್ನಿನ ದಾರ ಎಳೆದು ಸೊಂಟ ಬಿಗಿಯುವ ಉಡುಪಿನೊಳಗೆ, ‘ಬೋನ್’ ಎಂಬ ಉಕ್ಕಿನ ಪಟ್ಟಿಗಳಿವೆ ಎಂದ ಕೂಡಲೇ, ಸೊಂಟವನ್ನು ಹಿಂಡುವುದು ಅವೇ ಎಂದು ಬಹಳ ಜನ ತಿಳಿಯುತ್ತಾರೆ. ಹೊಲಿಯುವವರಲ್ಲೂ ಈ ನಂಬಿಕೆ ಇದೆ: ಬಿಗಿ ಸಾಲದು ಅನ್ನಿಸಿದರೆ ಇನ್ನಷ್ಟು ದಪ್ಪ ಬೋನ್ ಸೇರಿಸುತ್ತಾರೆ. ಇದು ಪೂರಾ ತಪ್ಪು. ಬೆನ್ನಿನ ದಾರ ಎಳೆದಾಗ ಬಟ್ಟೆಯ ಅಡ್ಡ ಎಳೆಗಳು ಬಿಗಿಯುತ್ತವೆ. ಆ ಎಳೆತವೇ ಸೊಂಟದ ಸುತ್ತ ಒತ್ತಡವಾಗುತ್ತದೆ. ನೆಟ್ಟಗೆ ನಿಂತ ಪಟ್ಟಿಯೊಂದು ಸುತ್ತಳತೆಯನ್ನು ಅರ್ಧ ಸೆಂಟಿಮೀಟರ್ ಕೂಡ ಇಳಿಸಲಾರದು.

ಹಾಗಾದರೆ ಬೋನ್ ಯಾಕೆ ಬೇಕು? ಬಿಗಿದ ಬಟ್ಟೆ ಯಾವಾಗಲೂ ಸುತ್ತಳತೆ ಕಡಿಮೆ ಇರುವ ಕಡೆಗೇ ಜಾರುತ್ತದೆ. ಎದೆಯ ಭಾಗದ ಬಟ್ಟೆ ಕೆಳಕ್ಕೆ, ಹಿಪ್ ಭಾಗದ ಬಟ್ಟೆ ಮೇಲಕ್ಕೆ ಸರಿದು, ಎರಡೂ ಸೊಂಟದಲ್ಲಿ ಗುಡ್ಡೆಬಿದ್ದು ಅಡ್ಡ ನೆರಿಗೆಗಳಾಗುತ್ತವೆ. ಈ ಜಾರುವಿಕೆಗೆ ಅಡ್ಡ ನಿಲ್ಲುವುದೇ ಬೋನಿನ ಕೆಲಸ. ಕೊಡೆಯಲ್ಲಿ ಮಳೆ ತಡೆಯುವುದು ಬಟ್ಟೆ, ಆ ಬಟ್ಟೆಯನ್ನು ಹರವಿ ಹಿಡಿಯುವುದು ಕಡ್ಡಿ, ಇಲ್ಲಿಯೂ ಹಾಗೆಯೇ.

ಕೊಡೆಗೂ ಕಾರ್ಸೆಟ್ಟಿಗೂ ನಿಜವಾದ ನಂಟೂ ಇದೆ. ಹದಿನೆಂಟನೆಯ ಶತಮಾನದ ಯುರೋಪಿನಲ್ಲಿ ಎರಡಕ್ಕೂ ತಿಮಿಂಗಿಲದ ಬಾಯಿಂದ ತೆಗೆದ ಬಲೀನ್ ಬಳಸುತ್ತಿದ್ದರು. ಹೆಸರಿಗೆ ‘ತಿಮಿಂಗಿಲದ ಮೂಳೆ’ಯಾದರೂ ಅದು ಮೂಳೆಯೇ ಅಲ್ಲ, ನಮ್ಮ ಉಗುರು, ಕೂದಲಿನಂತೆ ಕೆರಟಿನ್. ಬೋಹೆಡ್ ತಿಮಿಂಗಿಲಕ್ಕೆ ಹಲ್ಲಿಲ್ಲ. ಮೇಲ್ದವಡೆಯ ಒಂದೊಂದು ಬದಿಯಲ್ಲೂ ಸುಮಾರು 300 ಬಲೀನ್ ಫಲಕಗಳು ತೂಗುತ್ತವೆ, ಉದ್ದವಾದವು 3 ಮೀಟರ್ ಮೀರುತ್ತವೆ. ನೀರು ಸೋಸಿ ಸಣ್ಣ ಜೀವಿಗಳನ್ನು ಹಿಡಿಯಲು ಅವೇ ಜರಡಿ. ಈ ಫಲಕ ಎಳೆಯ ಗುಂಟ ಸಲೀಸಾಗಿ ಸೀಳುತ್ತದೆ, ಬೇಕಾದಷ್ಟು ತೆಳ್ಳಗಿನ ಪಟ್ಟಿ ಸಿಗುತ್ತದೆ. ಬಿಸಿನೀರಿನಲ್ಲಿ ಮೆತ್ತಗಾಗಿ, ಬಾಗಿಸಿ ಆರಿಸಿದರೆ ಆ ಆಕಾರದಲ್ಲೇ ನಿಲ್ಲುತ್ತದೆ. ತೊಟ್ಟವರ ಮೈಶಾಖಕ್ಕೂ ಬೆವರಿಗೂ ನಿಧಾನವಾಗಿ ಮಣಿದು ಆ ಮೈಗೇ ಒಗ್ಗುತ್ತದೆ. ಇಂಥ ಗುಣಕ್ಕಾಗಿ ಆ ಪ್ರಾಣಿಗಳು ತೆತ್ತ ಬೆಲೆ ಮಾತ್ರ ಘೋರ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಆರ್ಕ್ಟಿಕ್ ಸಮುದ್ರದ ಬೇಟೆಗಾರರು ಬಲೀನ್ ಕಿತ್ತುಕೊಂಡು ಉಳಿದ ದೇಹವನ್ನು ನೀರಿಗೇ ಬಿಟ್ಟುಬಿಡುತ್ತಿದ್ದರು. 1883ರಲ್ಲಿ ಅಮೆರಿಕದ ಮಿಶಿಗನ್‌ನ ತ್ರೀ ಓಕ್ಸ್ ಊರಿನ ಎಡ್ವರ್ಡ್ ವಾರನ್ ಟರ್ಕಿ ಕೋಳಿಯ ಗರಿಗಳ ದಂಟಿನಿಂದ ಬಲೀನಿಗೆ ಬದಲಿಯಾಗಿ ‘ಫೆದರ್‌ಬೋನ್’ ತಯಾರಿಸಿದ; ಅದೂ ಕೆರಟಿನ್ನೇ. ಕೊಡೆಯ ಮಟ್ಟಿಗೆ ಉಕ್ಕು ಮೊದಲೇ ಬಂದಿತ್ತು: ಶೆಫೀಲ್ಡ್ ಬಳಿಯ ಸ್ಟಾಕ್ಸ್‌ಬ್ರಿಜ್‌ನಲ್ಲಿ ಸ್ಯಾಮ್ಯುಯೆಲ್ ಫಾಕ್ಸ್ 1852ರಲ್ಲೇ ಕೊಡೆಗೆ ಉಕ್ಕಿನ ಕಡ್ಡಿ ಮಾಡಿದ್ದ. ತೆಳು ಉಕ್ಕನ್ನು U ಅಕ್ಷರದ ಆಕಾರಕ್ಕೆ ಮಡಿಸಿ, ಹಗುರವಾಗಿಯೇ ಬಿರುಸು ತಂದದ್ದು ಅವನ ಜಾಣ್ಮೆ.

ಪಟ್ಟಿಯ ಬಿರುಸು ಎಲ್ಲಿಂದ ಬರುತ್ತದೆ ಎಂದು ತಿಳಿದರೆ ಆಯ್ಕೆಯ ಮುಕ್ಕಾಲು ಪಾಲು ಮುಗಿದಂತೆ. ಅಗಲ ಇಮ್ಮಡಿಯಾದರೆ ಬಿರುಸು ಇಮ್ಮಡಿ. ದಪ್ಪದ ಲೆಕ್ಕ ಬೇರೆ: ಅದರ ಘನದಷ್ಟು ಬಿರುಸು ಏರುತ್ತದೆ. 0.5 ಮಿಲಿಮೀಟರ್ ಪಟ್ಟಿಯ ಬದಲು 0.7 ಹಾಕಿದರೆ ಬಿರುಸು ಸುಮಾರು 2.7 ಪಟ್ಟು. ಕಣ್ಣಿಗೆ ಎರಡೂ ಒಂದೇ, ಮೈಗೆ ಒಂದೇ ಅಲ್ಲ. ಕೊಳ್ಳುವಾಗ ದಪ್ಪ ಕೇಳದೆ ಬರೀ ಅಗಲ ಕೇಳಬೇಡಿ. ಉಕ್ಕು ಪ್ಲಾಸ್ಟಿಕ್‌ಗಿಂತ ಸುಮಾರು 80 ಪಟ್ಟು ಬಿರುಸಾದ ವಸ್ತು. ಆದರೆ ಕೃತಕ ಬಲೀನ್ ಎಂದು ಮಾರುವ ಪ್ಲಾಸ್ಟಿಕ್ ಪಟ್ಟಿ 1.5 ಮಿಲಿಮೀಟರ್ ದಪ್ಪ, ಅಂದರೆ 0.5ರ ಉಕ್ಕಿನ ಮೂರರಷ್ಟು. ಮೂರರ ಘನ 27. ಹಾಗಾಗಿ ಒಂದೇ ಅಗಲದ ಉಕ್ಕಿನ ಪಟ್ಟಿಯ ಮೂರನೇ ಒಂದು ಭಾಗದಷ್ಟು ಬಿರುಸು ಅದಕ್ಕೆ ದಕ್ಕುತ್ತದೆ. ಹದಿನೆಂಟನೆಯ ಶತಮಾನದ ಮಾದರಿಯ ಉಡುಪಿನಲ್ಲಿ ಪಟ್ಟಿಗಳನ್ನು ಒತ್ತೊತ್ತಾಗಿ ಸೇರಿಸುವುದರಿಂದ ಅದು ಧಾರಾಳ ಸಾಕು.

ಇನ್ನೊಂದು ಲೆಕ್ಕ ಇದಕ್ಕಿಂತ ಮುಖ್ಯ. 7 ಮಿಲಿಮೀಟರ್ ಅಗಲ, 0.5 ದಪ್ಪದ ಚಪ್ಪಟೆ ಉಕ್ಕು ಮುಂದಕ್ಕೂ ಹಿಂದಕ್ಕೂ ಸುಲಭವಾಗಿ ಬಾಗುತ್ತದೆ. ಪಕ್ಕಕ್ಕೆ ಬಾಗಿಸಹೋದರೆ ಅಗಲವೇ ದಪ್ಪ, ದಪ್ಪವೇ ಅಗಲವಾಗುತ್ತದೆ. 7 ಎಂದರೆ 0.5ರ 14 ಪಟ್ಟು; ದಪ್ಪದಿಂದ 14ರ ಘನದಷ್ಟು ಏರಿ, ಅಗಲದಿಂದ 14ರಲ್ಲೊಂದಕ್ಕೆ ಇಳಿದು, ಬಿರುಸು 14ರ ವರ್ಗದಷ್ಟು, ಎಂದರೆ 196 ಪಟ್ಟು. ಎದೆ, ಹಿಪ್‌ಗಳ ಮೇಲೆ ಪಕ್ಕಕ್ಕೆ ತಿರುಗುವ ಸೀಮಿನಲ್ಲಿ, ಅಂದರೆ ಬಟ್ಟೆ ಜೋಡಿಸಿದ ಹೊಲಿಗೆಯಲ್ಲಿ, ಇಂಥ ಪಟ್ಟಿ ಹಾಕಿದರೆ ಸೀಮೇ ನೆಟ್ಟಗಾಗಲು ಹೊರಟು ಬಟ್ಟೆ ತಿರುಚುತ್ತದೆ. ಅಲ್ಲಿ ಬೇಕಾದದ್ದು ತಂತಿಯನ್ನು ಸುತ್ತಿ ಚಪ್ಪಟೆ ಮಾಡಿದ ಸ್ಪೈರಲ್ ಬೋನ್. ಅದು ನಾಲ್ಕೂ ಕಡೆ ಮಣಿಯುತ್ತದೆ. ದಾರ ಪೋಣಿಸುವ ತೂತುಗಳ, ಅಂದರೆ ಐಲೆಟ್ಟುಗಳ ಸಾಲಿನಲ್ಲಿ ಮಾತು ತಿರುವುಮುರುವು. ದಾರ ಎಳೆಯುವುದೇ ಪಕ್ಕಕ್ಕೆ. ಅಲ್ಲಿ ಸ್ಪೈರಲ್ ಹಾಕಿದರೆ ಬೆನ್ನಿನ ತೆರಪು ಕಂಸಗಳಂತೆ ಉಬ್ಬುತ್ತದೆ. ಐಲೆಟ್ಟುಗಳ ಎಡಕ್ಕೊಂದು ಬಲಕ್ಕೊಂದು ಚಪ್ಪಟೆ ಉಕ್ಕು ನಿಲ್ಲಿಸಿದರೆ ಆ 196 ಪಟ್ಟಿನ ಬಿರುಸು ನಮ್ಮ ಪರವಾಗಿ ದುಡಿಯುತ್ತದೆ.

ಉದ್ದದ ಪರಿಣಾಮ ಇದಕ್ಕೆ ವಿರುದ್ಧ. ಆಧಾರವಿಲ್ಲದ ಪಟ್ಟಿ ಎಷ್ಟು ಭಾರಕ್ಕೆ ಬಳುಕುತ್ತದೆ ಎಂಬುದು ಉದ್ದದ ವರ್ಗವನ್ನು ಅವಲಂಬಿಸಿದೆ: 30 ಸೆಂಟಿಮೀಟರ್ ಪಟ್ಟಿಗಿಂತ 15 ಸೆಂಟಿಮೀಟರ್ ಪಟ್ಟಿ ನಾಲ್ಕು ಪಟ್ಟು ಭಾರ ತಡೆಯುತ್ತದೆ. ಈಗ ನಮ್ಮಲ್ಲಿ ಸೀರೆ, ಲೆಹೆಂಗಾಗಳಿಗೆ ಹೊಲಿಸುವ ಗಿಡ್ಡ ಕಾರ್ಸೆಟ್ ಬ್ಲೌಸಿಗೆ ಉಕ್ಕು ಬೇಡ ಎನ್ನುವುದು ಇದಕ್ಕೇ. ಅಂಥ ಬ್ಲೌಸ್ ಸೊಂಟವನ್ನು ಬಿಗಿಯುವುದೂ ಇಲ್ಲ. ಪಾಲಿಯೆಸ್ಟರ್ ಎಳೆ ನೇಯ್ದ ರಿಜಿಲೀನ್ ಪಟ್ಟಿಯೇ ಸಾಕು, ಅದರ ಮೇಲೆಯೇ ಮಷಿನ್ ಹೊಲಿಗೆ ಹಾಕಬಹುದು. ಕತ್ತರಿಸಿದ ತುದಿಯ ಎಳೆಗಳು ಮುಳ್ಳಿನಂತೆ ಚುಚ್ಚುತ್ತವೆ. ಬೆಂಕಿಗೆ ಹಿಡಿದು ಕರಗಿಸಿ, ಮೇಲೆ ಬಟ್ಟೆಯ ತುಂಡು ಮಡಿಸಿ ಹೊಲಿಯಲೇಬೇಕು. ಸುರುಳಿಯಲ್ಲಿ ಬರುವುದರಿಂದ ಅದಕ್ಕೆ ಬಾಗು ಇರುತ್ತದೆ. ಮೇಲೊಂದು ಬಟ್ಟೆ ಹಾಸಿ ಹದ ಬಿಸಿಯ ಇಸ್ತ್ರಿಯಿಂದ ನೆಟ್ಟಗೆ ಮಾಡಿ, ಉಳಿದ ಬಾಗನ್ನು ಮೈಕಡೆಗೆ ತಿರುಗಿಸಿ.

ಸ್ಟ್ರಾಪ್‌ಲೆಸ್ ಗೌನ್ ಜಾರುವುದಕ್ಕೆ ಬೋನ್ ಕಾರಣವಲ್ಲ, ಬೋನಿಗೆ ನಿಲ್ಲಲು ನೆಲೆ ಇಲ್ಲದಿರುವುದು ಕಾರಣ. ಸೊಂಟದ ಒಳಗೆ 2.5 ಸೆಂಟಿಮೀಟರ್ ಅಗಲದ, ಹಿಗ್ಗದ ರಿಬ್ಬನ್ ಕೊಟ್ಟು ಅದನ್ನೇ ಮೊದಲು ಬಿಗಿಯಾಗಿ ಹುಕ್ ಹಾಕಿದರೆ, ಗೌನಿನ ಭಾರ ಅದರ ಮೇಲೆ ಕೂರುತ್ತದೆ, ಬೋನ್‌ಗಳು ಅಲ್ಲಿಂದ ಕಂಬದಂತೆ ಮೇಲಕ್ಕೆ ನಿಲ್ಲುತ್ತವೆ.

ಸೊಂಟ ಬಿಗಿಯುವ ಕಾರ್ಸೆಟ್ಟಿಗೆ ಅಗ್ಗದ ಪ್ಲಾಸ್ಟಿಕ್ ಪಟ್ಟಿ ಬೇಡವೇ ಬೇಡ. ಬಾಗಿದ ಸ್ಥಿತಿಯಲ್ಲಿ ಗಂಟೆಗಟ್ಟಲೆ ಮೈಬಿಸಿಗೆ ಸಿಕ್ಕ ಪ್ಲಾಸ್ಟಿಕ್ ಮರಳಿ ನೆಟ್ಟಗಾಗದು. ಸೊಂಟದಲ್ಲಿ ಮುರಿದಂತೆ ಮಡಿದು ಪಕ್ಕೆಗೆ ಒತ್ತುತ್ತದೆ. ಉಕ್ಕಿನಲ್ಲೂ ಸ್ಪ್ರಿಂಗ್ ಉಕ್ಕೇ ಆಗಬೇಕು. 0.5ರ ಪಟ್ಟಿಯನ್ನು 10 ಸೆಂಟಿಮೀಟರ್ ವ್ಯಾಸದ ಡಬ್ಬಕ್ಕೆ ಬಾಗಿಸಿ ಬಿಡಿ. ಹೊರಮೈ ಹಿಗ್ಗುವುದು ನೂರಕ್ಕೆ ಅರ್ಧ ಭಾಗ ಮಾತ್ರ, ಸ್ಪ್ರಿಂಗ್ ಉಕ್ಕು ತಟ್ಟನೆ ನೆಟ್ಟಗಾಗುತ್ತದೆ. ಬಾಗಿಯೇ ಉಳಿದರೆ ಅದು ಮೆದು ಉಕ್ಕು, ವಾಪಸ್ ಕೊಡಿ.

ಹೊಲಿಗೆಯಲ್ಲಿ ಹೆಚ್ಚು ಕೆಡುವುದು ಉದ್ದದ ಅಳತೆ. ಅಡ್ಡಕ್ಕೆ ಎಳೆದ ಬಟ್ಟೆ ಉದ್ದದಲ್ಲಿ ಕುಗ್ಗುತ್ತದೆ. ತೊಡುವ ಮೊದಲು ಸರಿಯಾಗಿದ್ದ ಬೋನ್ ತೊಟ್ಟ ಮೇಲೆ ಅಂಚಿನ ಪಟ್ಟಿಯನ್ನು ತೂತುಮಾಡುವುದು ಈ ಕಾರಣಕ್ಕೆ. ಬೋನ್ ತೂರಿಸಲು ಹೊಲಿದ ಸಂದಿಗೆ ಚಾನೆಲ್ ಎನ್ನುತ್ತಾರೆ. ಅದರ ಮುಗಿದ ಉದ್ದಕ್ಕಿಂತ ಬೋನ್ 1.2 ಸೆಂಟಿಮೀಟರ್ ಗಿಡ್ಡವಿರಲಿ, ಮೇಲೊಂದಿಷ್ಟು ಕೆಳಗೊಂದಿಷ್ಟು ಜಾಗ ಉಳಿಯಲಿ. 7 ಮಿಲಿಮೀಟರ್ ಬೋನಿಗೆ ಚಾನೆಲ್ ಅಗಲ 9ರಿಂದ 10. ಅದಕ್ಕಿಂತ ಸಡಿಲವಾದರೆ ಬೋನ್ ಒಳಗೇ ಹೊರಳುತ್ತದೆ, ಬಿಗಿಯಾದರೆ ಹೊಲಿಗೆ ಸವೆಯುತ್ತದೆ. ಕತ್ತರಿಸಿದ ಚಪ್ಪಟೆ ಉಕ್ಕಿನ ಮೂಲೆಗಳನ್ನು ಅರದಿಂದ ದುಂಡಗೆ ಉಜ್ಜಿ. ಸ್ಪೈರಲ್ ಬೋನನ್ನು ಒಂದೇ ಏಟಿಗೆ ಕತ್ತರಿಸದೆ ಕಟಿಂಗ್ ಪ್ಲೇಯರಿನಿಂದ ಒಂದು ಬದಿಯ ಸುತ್ತನ್ನು ಮೊದಲು, ಇನ್ನೊಂದನ್ನು ಆಮೇಲೆ ತುಂಡರಿಸಿ, ತುದಿಗೆ ಲೋಹದ ಟೋಪಿ ಹಾಕಿ ಒತ್ತಿ ಕೂರಿಸಿ.

ಬಿಳಿ ಲೇಪನದ ಉಕ್ಕು ಬೆವರಿಗೆ ತಡೆಯುತ್ತದೆ. ಆದರೆ ಕತ್ತರಿಸಿದ ತುದಿಯಲ್ಲಿ ಲೇಪನವಿಲ್ಲ, ತುಕ್ಕು ಹಿಡಿಯುವುದು ಅಲ್ಲಿಂದಲೇ. ಕೊಳಾಯಿ ಕೆಲಸದವರು ಬಳಸುವ ಬಿಳಿ ಟೆಫ್ಲಾನ್ ಟೇಪನ್ನು ತುದಿಗೆ ನಾಲ್ಕೈದು ಸುತ್ತು ಸುತ್ತಿ. ಕಾರ್ಸೆಟ್ಟನ್ನು ಮಷಿನ್ನಿಗೆ ಹಾಕಬೇಡಿ, ನೀರಿನಲ್ಲಿ ನೆನೆಸಲೂ ಬೇಡಿ. ಒಳಗೆ ತೆಳು ಹತ್ತಿ ಬನಿಯನ್ ತೊಟ್ಟರೆ ಒಗೆಯುವ ಅಗತ್ಯ ಅಪರೂಪ. ಕಳಚಿದ ಮೇಲೆ ದಾರ ಸಡಿಲಿಸಿ, ಅಸ್ತರು ಹೊರಗೆ ಮಾಡಿ ನೆರಳಿನಲ್ಲಿ ರಾತ್ರಿಯಿಡೀ ಹರವಿ, ಚಾನೆಲ್ಲಿನೊಳಗಿನ ತೇವ ಪೂರ್ತಿ ಆರಿದ ಮೇಲಷ್ಟೇ ಮಡಿಸಿಡಿ.