ಇನ್ನೂ ಸ್ವಲ್ಪ ಜೋರು ಮಾಡಿ ಸಾರ್

ರಾಕ್ ಸತ್ತುಹೋಯಿತು ಎಂಬ ಮಾತನ್ನು ತಿಂಗಳಿಗೆ ನಾಲ್ಕು ಸಲವಾದರೂ ಕೇಳುತ್ತೇನೆ. ಹೇಳುವವರು ವಿಮರ್ಶಕರಲ್ಲ, ನನ್ನ ಬೆನ್ನ ಹಿಂದಿನ ಸೋಫಾದಲ್ಲಿ ಕೂತ ಬ್ಯಾಂಡಿನ ಹುಡುಗರು. ಕಂಪನಿಗಳು ಸಾಯಿಸಿದವು, ಆ್ಯಪ್‌ಗಳು ಸಾಯಿಸಿದವು, ಎಲ್ಲರ ಹಾಡೂ ಒಂದೇ ಥರ ಕೇಳಿಸುವ ಹಾಗೆ ಮಾಡಿಬಿಟ್ಟರು ಎಂದು ಒಬ್ಬ ಶುರು ಹಚ್ಚಿಕೊಂಡರೆ ಉಳಿದವರು ಹೌದು ಹೌದು ಅನ್ನುತ್ತಾರೆ. ನಾನೂ ತಲೆಯಾಡಿಸುತ್ತೇನೆ. ಅರ್ಧ ಗಂಟೆ ಕಳೆಯುವುದರೊಳಗೆ ಅದೇ ಹುಡುಗ ಮೊಬೈಲ್ ತೆಗೆದು, ಯಾವುದೋ ದೊಡ್ಡ ಬ್ಯಾಂಡಿನ ಹಾಡು ಹಾಕಿ, "ಸಾರ್, ನಮ್ಮದೂ ಇಷ್ಟೇ ಜೋರು ಬರಬೇಕು" ಅನ್ನುತ್ತಾನೆ.

ನಾನು ಮಾಸ್ಟರಿಂಗ್ ಎಂಜಿನಿಯರ್. ಹಾಡು ಕೇಳುಗರನ್ನು ಮುಟ್ಟುವ ಮೊದಲು ಅದರ ಮೇಲೆ ಕೊನೆಯದಾಗಿ ಕೈಯಾಡಿಸುವವನು. ಹಾಗಾಗಿ ಕಂಪನಿಗಳನ್ನು ಬೈದ ಬಾಯಲ್ಲೇ ಆ ಕಂಪನಿಗಳ ಕೆಲಸವನ್ನು ಮಾಡಿಕೊಡಿ ಎಂಬ ಕೋರಿಕೆ ನೇರವಾಗಿ ನನ್ನ ಮೇಜಿಗೇ ಬರುತ್ತದೆ.

ವ್ಯಾಪಾರದ ಒತ್ತಡ ಇಲ್ಲ ಅಂತ ನಾನು ಹೇಳುತ್ತಿಲ್ಲ. ಅದು ರಾಕ್‌ನ ಬೆನ್ನಿಗೇ ಹುಟ್ಟಿದ್ದು. 1959-60ರಲ್ಲೇ ಅಮೆರಿಕದಲ್ಲಿ ದುಡ್ಡು ತಿಂದು ಹಾಡು ಹಾಕಿದ ರೇಡಿಯೊ ಡಿಜೆಗಳ ವಿಚಾರಣೆ ನಡೆಯಿತು. ಬೀಟಲ್ಸ್ ಹುಡುಗರ ಚರ್ಮದ ಜಾಕೆಟ್ ಬಿಚ್ಚಿಸಿ ಸೂಟು ತೊಡಿಸಿದವನು ಅವರ ಮ್ಯಾನೇಜರ್ ಬ್ರಯಾನ್ ಎಪ್‌ಸ್ಟೀನ್. 1965ರಲ್ಲಿ ಬಾಬ್ ಡಿಲನ್‌ನ ಆರು ನಿಮಿಷದ ಹಾಡೊಂದನ್ನು ರೇಡಿಯೊದವರಿಗೆ ಕಳಿಸುವಾಗ ಗ್ರಾಮಫೋನ್ ತಟ್ಟೆಯ ಎರಡು ಬದಿಗೆ ಅರ್ಧರ್ಧ ಕತ್ತರಿಸಿ ಹಾಕಿದ್ದರು. ಅಮೆರಿಕದ 1996ರ ಕಾನೂನು ಒಬ್ಬರ ಕೈಯಲ್ಲಿ ಇಷ್ಟೇ ಸ್ಟೇಷನ್ ಇರಬೇಕೆಂಬ ರಾಷ್ಟ್ರಮಟ್ಟದ ಮಿತಿಯನ್ನು ತೆಗೆದ ಮೇಲೆ ಕ್ಲಿಯರ್ ಚಾನೆಲ್ ಎಂಬ ಒಂದೇ ಕಂಪನಿ 1,200ಕ್ಕೂ ಹೆಚ್ಚು ರೇಡಿಯೊ ಸ್ಟೇಷನ್‌ಗಳನ್ನು ಗುಡ್ಡೆ ಹಾಕಿಕೊಂಡಿತು. ಈಗ ಸ್ಪಾಟಿಫೈನಲ್ಲಿ 30 ಸೆಕೆಂಡು ಕೇಳಿದರೆ ಮಾತ್ರ ಒಂದು ಪ್ಲೇ ಲೆಕ್ಕಕ್ಕೆ ಬರುತ್ತದೆ, ಆದ್ದರಿಂದ ನಿಧಾನವಾಗಿ ಏರುವ ಆರಂಭಕ್ಕೆ ಯಾರಿಗೂ ಧೈರ್ಯ ಸಾಲದು. 2017ರಲ್ಲಿ ಅಮೆರಿಕದಲ್ಲಿ ಹಿಪ್‌ಹಾಪ್ ಮತ್ತು ಆರ್‌ಅಂಡ್‌ಬಿ ಸೇರಿ ಮೊದಲ ಬಾರಿಗೆ ರಾಕ್ ಅನ್ನು ಹಿಂದೆ ಹಾಕಿದವು. ಇದಕ್ಕೆಲ್ಲ ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ "ಎಲ್ಲ ಹಾಡೂ ಒಂದೇ ಥರ ಕೇಳಿಸುತ್ತೆ" ಎಂಬ ದೂರಿನಲ್ಲಿ ಒಂದು ಪಾಲು ಈ ಯಾವುದರಿಂದಲೂ ಬಂದದ್ದಲ್ಲ. ಅದು "ಜೋರು ಮಾಡಿ" ಎಂಬ ಎರಡು ಪದದಿಂದ ಬಂದದ್ದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಗಬಾರದು ಅಂತ ಈ ಅಂಕಣ.

ಜೋರಿನ ಹುಚ್ಚು ಕಿವಿಯ ದೌರ್ಬಲ್ಯದಿಂದಲೇ ಹುಟ್ಟುತ್ತದೆ. ಶಬ್ದ ಸಣ್ಣದಿದ್ದಾಗ ನಮ್ಮ ಕಿವಿಗೆ ಬೇಸ್ ಸರಿಯಾಗಿ ಮುಟ್ಟುವುದಿಲ್ಲ, ದೊಡ್ಡದಾದಂತೆ ತುಂಬಿಕೊಳ್ಳುತ್ತದೆ. ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು ಇದನ್ನು 1933ರಲ್ಲೇ ಅಳೆದು ತೋರಿಸಿದರು. ಒಂದೇ ಹಾಡಿನ ಎರಡು ಪ್ರತಿ ಮಾಡಿ, ಒಂದನ್ನು ಒಂದೇ ಒಂದು ಡೆಸಿಬೆಲ್ ಹೆಚ್ಚಿಸಿ ಕೇಳಿಸಿದರೆ ಜನ "ಇದು ಜೋರಾಗಿದೆ" ಅನ್ನುವುದಿಲ್ಲ, "ಇದು ಚೆನ್ನಾಗಿದೆ" ಅನ್ನುತ್ತಾರೆ. ಇಪ್ಪತ್ತು ವರ್ಷ ಇದೇ ಕೆಲಸ ಮಾಡಿದ ನನ್ನ ಕಿವಿಯೂ ಮೋಸ ಹೋಗುತ್ತದೆ.

ತಟ್ಟೆಯ ಕಾಲದಲ್ಲಿ ಈ ಆಸೆಗೆ ಒಂದು ಕಡಿವಾಣವಿತ್ತು. ಜೋರು ಕೆತ್ತಿದರೆ ಗೀರು ಅಗಲವಾಗುತ್ತದೆ, ತಟ್ಟೆಯಲ್ಲಿ ಜಾಗ ಸಾಲುವುದಿಲ್ಲ, ಸೂಜಿ ಹಾರುತ್ತದೆ. 1969ರಲ್ಲಿ ಲೆಡ್ ಜೆಪ್ಪೆಲಿನ್‌ನ ಎರಡನೇ ಆಲ್ಬಮನ್ನು ಮಾಸ್ಟರಿಂಗ್ ಎಂಜಿನಿಯರ್ ಬಾಬ್ ಲಡ್ವಿಗ್ ಎಷ್ಟು ಜೋರಾಗಿ ಕೆತ್ತಿದರೆಂದರೆ, ರೆಕಾರ್ಡ್ ಕಂಪನಿಯ ದೊಡ್ಡ ಯಜಮಾನರ ಮಗಳ ಅಗ್ಗದ ಪ್ಲೇಯರ್‌ನಲ್ಲಿ ಸೂಜಿ ನೆಗೆದುಬಿಟ್ಟಿತಂತೆ. ಆ ಕೆತ್ತನೆ ವಾಪಸಾಯಿತು, ಮೆತ್ತಗಿನದು ಬಂತು. ಕತೆಯನ್ನು ಲಡ್ವಿಗ್ ಅವರೇ ಹೇಳಿಕೊಂಡಿದ್ದಾರೆ. ಆ ಮೊದಲ ಕೆತ್ತನೆಯ ತಟ್ಟೆಗಳನ್ನು ಸಂಗ್ರಹಕಾರರು ಈಗಲೂ ಹುಡುಕುತ್ತಾರೆ.

1982ರಲ್ಲಿ ಸಿಡಿ ಬಂದ ಮೇಲೆ ಸೂಜಿಯೂ ಇಲ್ಲ, ಗೀರೂ ಇಲ್ಲ. ಬದಲಿಗೆ ಒಂದು ಸೂರು ಬಂತು. ಡಿಜಿಟಲ್‌ನಲ್ಲಿ ಸೊನ್ನೆ ಡೆಸಿಬೆಲ್ ಅಂದರೆ ಅತಿ ಮೇಲಿನ ಮಟ್ಟ, ಅದರಾಚೆಗೆ ಅಂಕಿಯೇ ಇಲ್ಲ. ಇನ್ನು ಮುಂದಿನದನ್ನು ದಯವಿಟ್ಟು ನಿಧಾನವಾಗಿ ಓದಿ. ಬಂದವರಿಗೆಲ್ಲ ಹೇಳಿ ಹೇಳಿ ನನ್ನ ಗಂಟಲು ಒಣಗಿರುವುದು ಇಲ್ಲೇ.

ತಗ್ಗು ಸೂರಿನ ಒಂದು ಕೋಣೆ ಅಂದುಕೊಳ್ಳಿ. ಒಳಗೆ ಹತ್ತು ಜನ ಕೂತಿದ್ದಾರೆ, ಒಬ್ಬ ಮಾತ್ರ ಎದ್ದು ನಿಂತಿದ್ದಾನೆ, ಅವನ ತಲೆ ಸೂರಿಗೆ ತಾಗುವಂತಿದೆ. ಆ ನಿಂತವನೇ ಸ್ನೇರ್ ಡ್ರಮ್ಮಿನ ಪೆಟ್ಟು, ಕೂತವರು ಉಳಿದ ವಾದ್ಯ ಮತ್ತು ದನಿ. ನೀವು "ಜೋರು ಮಾಡಿ" ಅಂದಾಗ ನಾನು ಸೂರನ್ನು ಮೇಲೆತ್ತಲಾರೆ, ನೆಲವನ್ನೇ ಎತ್ತಬೇಕು. ಕೂತವರೇನೋ ಆರಾಮಾಗಿ ಮೇಲೇರುತ್ತಾರೆ. ನಿಂತವನು ಕುತ್ತಿಗೆ ಬಗ್ಗಿಸಬೇಕು, ಇನ್ನೂ ಎತ್ತಿದರೆ ಸೊಂಟ, ಇನ್ನೂ ಎತ್ತಿದರೆ ಅವನೂ ಕೂರಬೇಕು. ಹಾಗೆ ಕೂರಿಸುವ ಸಾಧನದ ಹೆಸರು ಲಿಮಿಟರ್. ಕೊನೆಗೆ ಕೋಣೆ ತುಂಬಿರುತ್ತದೆ ನಿಜ, ಆದರೆ ನಿಂತವರು ಯಾರೂ ಇರುವುದಿಲ್ಲ.

ಇದರ ಏಟು ರಾಕ್‌ಗೆ ಎಲ್ಲರಿಗಿಂತ ಹೆಚ್ಚು ಬೀಳುವುದಕ್ಕೂ ಕಾರಣವಿದೆ. ಡಿಸ್ಟಾರ್ಷನ್ ಹಾಕಿದ ಗಿಟಾರ್ ಮೊದಲೇ ಚಪ್ಪಟೆ. ಆಂಪ್ಲಿಫೈಯರ್ ಅದರ ಏರಿಳಿತವನ್ನು ಆಗಲೇ ಸವೆಸಿರುತ್ತದೆ. ಹಾಗಿರುವಾಗ ಒಂದು ರಾಕ್ ಹಾಡಿನಲ್ಲಿ ಉಸಿರಾಡಲು ಉಳಿಯುವುದು ಎರಡೇ: ಡ್ರಮ್ಮಿನ ಪೆಟ್ಟು, ಮತ್ತು ಮೆಲ್ಲಗಿನ ವರ್ಸ್‌ನಿಂದ (ಚರಣ) ಅಬ್ಬರದ ಕೋರಸ್‌ಗೆ (ಪಲ್ಲವಿ) ಹಾರುವ ಆ ಜಿಗಿತ. ಪಿಕ್ಸೀಸ್ ಬ್ಯಾಂಡ್ ಮತ್ತು ಅವರ ಹಾದಿ ಹಿಡಿದ ನಿರ್ವಾಣ ಬ್ಯಾಂಡ್ ಈ ಜಿಗಿತದ ಮೇಲೆಯೇ ನಿಂತವರು. ಲಿಮಿಟರ್ ಬೇಟೆಯಾಡುವುದು ಈ ಎರಡನ್ನೇ. ವರ್ಸ್ ಆಗಲೇ ಸೂರು ಮುಟ್ಟಿದ್ದರೆ ಕೋರಸ್ ಎಲ್ಲಿಗೆ ಹಾರಬೇಕು? ಎಷ್ಟೋ ಮಾಸ್ಟರ್‌ಗಳಲ್ಲಿ ಕೋರಸ್ ಬಂದಾಗ ಹಾಡು ಕುಗ್ಗಿದಂತೆ ಕೇಳಿಸುತ್ತದೆ.

ದೊಡ್ಡವರೂ ಇದರಲ್ಲಿ ಎಡವಿದ್ದಾರೆ. 2008ರಲ್ಲಿ ಮೆಟಾಲಿಕಾ ಹೊರತಂದ ಆಲ್ಬಮ್ಮನ್ನು ಎಷ್ಟು ಹಿಂಡಿದ್ದರೆಂದರೆ ಪೆಟ್ಟುಗಳೆಲ್ಲ ಒಡೆದು ಕರಕರ ಅನ್ನುತ್ತಿದ್ದವು. ಅದೇ ಹಾಡುಗಳು ಗಿಟಾರ್ ಹೀರೋ ವಿಡಿಯೊ ಗೇಮ್‌ಗೆ ಹಿಂಡದೆ ಹೋಗಿದ್ದವು. ಅಭಿಮಾನಿಗಳು ಎರಡನ್ನೂ ಹೋಲಿಸಿ ನೋಡಿ ಸಿಟ್ಟಾದರು, ಮರಳಿ ಮಾಡಿಕೊಡಿ ಎಂಬ ಮನವಿಗೆ 10,000ಕ್ಕೂ ಹೆಚ್ಚು ಸಹಿ ಬಿತ್ತು. ಮಾಸ್ಟರಿಂಗ್ ಮಾಡಿದ ಟೆಡ್ ಜೆನ್ಸನ್, ನನ್ನ ಕೈಗೆ ಬರುವಾಗಲೇ ಮಿಕ್ಸ್ (ವಾದ್ಯ, ದನಿಗಳನ್ನು ಬೆರೆಸಿದ ಪ್ರತಿ) ಹಾಗಿತ್ತು ಅಂದರು. ಆ ಮಾತು ಓದಿದಾಗ ನನಗೆ ಅಯ್ಯೋ ಪಾಪ ಅನ್ನಿಸಿತು. ನಮ್ಮ ಕಸುಬಿನವರೆಲ್ಲ ಒಂದಲ್ಲ ಒಂದು ದಿನ ಆ ಜಾಗದಲ್ಲಿ ನಿಂತವರೇ. ಅದೇ ವರ್ಷ ಗನ್ಸ್ ಎನ್ ರೋಸಸ್‌ಗೆ ಲಡ್ವಿಗ್ ಮೂರು ಬಗೆಯ ಮಾಸ್ಟರ್ ಕಳಿಸಿದ್ದರು, ಅವರು ಆರಿಸಿದ್ದು ಏರಿಳಿತ ಪೂರ್ತಿ ಉಳಿದಿದ್ದ ಪ್ರತಿಯನ್ನು.

ಇಷ್ಟಾದರೂ ಆ ಕಾಲದಲ್ಲಿ ಜೋರು ಕೇಳಿದವರಿಗೆ ಒಂದು ನೆಪವಿತ್ತು. ಸಿಡಿ ಬದಲಾಯಿಸಿದಾಗ ಜೋರಿನದು ನಿಜವಾಗಿ ಜೋರಾಗಿಯೇ ಕೇಳಿಸುತ್ತಿತ್ತು. ಈಗ ಆ ನೆಪವೂ ಇಲ್ಲ. ಸ್ಪಾಟಿಫೈ, ಯೂಟ್ಯೂಬ್‌ನಂಥವು ಪ್ರತಿ ಹಾಡಿನ ಸರಾಸರಿ ಜೋರನ್ನು ಅಳೆದು ಜೋರಿನದನ್ನೆಲ್ಲ ಒಂದು ಮಟ್ಟಕ್ಕೆ ಇಳಿಸುತ್ತವೆ. ಅಳತೆಯ ಹೆಸರು ಎಲ್‌ಯುಎಫ್‌ಎಸ್, ನಮ್ಮ ಬಾಯಲ್ಲಿ ಲಫ್ಸ್. ಅಂಕಿ ಸೊನ್ನೆಗೆ ಹತ್ತಿರವಾದಷ್ಟೂ ಜೋರು. ಸ್ಪಾಟಿಫೈನ ಮಾಮೂಲಿ ಮಟ್ಟ ಮೈನಸ್ 14. ಲೆಕ್ಕ ಮಾಡೋಣ. ನಿಮ್ಮ ಹಾಡನ್ನು ಹಿಂಡಿ ಮೈನಸ್ 8ಕ್ಕೆ ತಂದೆ, ಅದರ ಪೆಟ್ಟಿನ ತುದಿ ಮೈನಸ್ 1ರಲ್ಲಿದೆ. ಆ್ಯಪ್ ಅದನ್ನು 6 ಡೆಸಿಬೆಲ್ ಇಳಿಸುತ್ತದೆ. ಈಗ ಸರಾಸರಿ ಮೈನಸ್ 14, ಪೆಟ್ಟಿನ ತುದಿ ಮೈನಸ್ 7. ಪಕ್ಕದ ಬ್ಯಾಂಡ್ ಹಿಂಡದೆ ಮೈನಸ್ 14ರಲ್ಲೇ ಬಿಟ್ಟಿತ್ತು, ಪೆಟ್ಟಿನ ತುದಿ ಮೈನಸ್ 1. ಅವರದನ್ನು ಆ್ಯಪ್ ಮುಟ್ಟುವುದಿಲ್ಲ. ಎರಡೂ ಹಾಡು ಸರಾಸರಿಯಲ್ಲಿ ಒಂದೇ ಜೋರು, ಆದರೆ ಅವರ ಸ್ನೇರ್ ನಿಮ್ಮದಕ್ಕಿಂತ 6 ಡೆಸಿಬೆಲ್ ಮೇಲೆ. 6 ಡೆಸಿಬೆಲ್ ಅಂದರೆ ಅಲೆಯ ಎತ್ತರ ಎರಡರಷ್ಟು. ಜೋರಿಗಾಗಿ ಡ್ರಮ್ಮರ್‌ನನ್ನು ಮಾರಿದಿರಿ, ಜೋರೂ ಕೈಗೆ ಸಿಗಲಿಲ್ಲ.

ಇಷ್ಟು ಹೇಳಿದ ಮೇಲೆ ಕೆಲವರು ತಿರುಗಿ ಹೊಸ ಮೂಢನಂಬಿಕೆ ಹಿಡಿಯುತ್ತಾರೆ: "ಹಾಗಾದರೆ ಸರಿಯಾಗಿ ಮೈನಸ್ 14ಕ್ಕೇ ಮಾಡಿಕೊಡಿ." ಹಾಗೂ ಅಲ್ಲ. ಅದು ಆ್ಯಪ್‌ನ ಲೆಕ್ಕ, ನಿಮ್ಮ ಹಾಡಿನ ಗುರಿಯಲ್ಲ. ಕೇಳುಗರು ಆ ಸೌಲಭ್ಯವನ್ನು ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಿಡಬಹುದು, ಆ್ಯಪಲ್ ಮ್ಯೂಸಿಕ್‌ನ ಮಟ್ಟ ಬೇರೆ, ನಾಳೆ ಇವೆಲ್ಲ ಬದಲಾಗಲೂಬಹುದು. ಮೈನಸ್ 9ರಲ್ಲಿ ಸೊಗಸಾಗಿ ಕೂರುವ ಮೆಟಲ್ ಹಾಡುಗಳೂ ಇವೆ, ನಾನೇ ಮಾಡಿದ್ದೇನೆ. ಹಿಂಡುವುದೇ ಪಾಪ ಅಂತಲೂ ಅಲ್ಲ. ಲೆಡ್ ಜೆಪ್ಪೆಲಿನ್‌ನ ಡ್ರಮ್ಮರ್ ಜಾನ್ ಬೋನಮ್‌ನ ಡ್ರಮ್ಮನ್ನು ಹೆಡ್ಲಿ ಗ್ರೇಂಜ್ ಎಂಬ ಹಳೆಯ ಕಟ್ಟಡದ ಮೆಟ್ಟಿಲ ಕೆಳಗಿಟ್ಟು, ಮೇಲಿನಿಂದ ಎರಡು ಮೈಕ್ ಇಳಿಬಿಟ್ಟು ರೆಕಾರ್ಡ್ ಮಾಡಿದ ಆ ಪ್ರಸಿದ್ಧ ಸದ್ದಿನಲ್ಲೂ ಹೀಗೆ ಹಿಂಡುವ ಸಾಧನವಾದ ಕಂಪ್ರೆಸರ್ ಚೆನ್ನಾಗಿಯೇ ಕೆಲಸ ಮಾಡಿದೆ. ಅಲ್ಲಿ ಎಂಜಿನಿಯರ್ ಆ್ಯಂಡಿ ಜಾನ್ಸ್ ಪೆಟ್ಟಿಗೆ ಭಾರ ಕೊಡಲು ಹಿಂಡಿದರು. ನನ್ನ ಮುಂದೆ ಕೂತವರು ಪಕ್ಕದವನಿಗಿಂತ ಮುಂದೆ ಕಾಣಲು ಹಿಂಡಿಸುತ್ತಾರೆ.

ಕಳೆದ ವರ್ಷ ನಾಲ್ವರ ಒಂದು ಬ್ಯಾಂಡ್ ಬಂದಿತ್ತು. ಹಾಡು ಚೆನ್ನಾಗಿತ್ತು, ಮಿಕ್ಸೂ ಅಚ್ಚುಕಟ್ಟು. ಮಾಮೂಲಿನಂತೆ ಗಿಟಾರಿಸ್ಟ್‌ಗೆ ಜೋರು ಬೇಕಿತ್ತು. ನಾನು ವಾದ ಮಾಡಲಿಲ್ಲ. ಎರಡು ಮಾಸ್ಟರ್ ಮಾಡಿ, ಹಿಂಡಿದ್ದನ್ನು 6 ಡೆಸಿಬೆಲ್ ಇಳಿಸಿ ಎರಡನ್ನೂ ಸಮಕ್ಕೆ ತಂದು, ಯಾವುದು ಯಾವುದು ಅಂತ ಹೇಳದೆ ಕೇಳಿಸಿದೆ. ಕೊನೆಯ ಕೋರಸ್‌ಗೆ ಮುಂಚೆ ಸ್ನೇರ್ ಮೇಲೆ ಎಂಟು ಪೆಟ್ಟಿನ ಒಂದು ಫಿಲ್ ಇತ್ತು. ಮೊದಲ ಪೆಟ್ಟು ಬೆರಳಲ್ಲಿ ತಟ್ಟಿದಷ್ಟು ಮೆಲ್ಲಗೆ, ಎಂಟನೆಯದು ಪೂರ್ತಿ ತೋಳು ಬೀಸಿ. ಒಂದು ಪ್ರತಿಯಲ್ಲಿ ಎಂಟೂ ಮೆಟ್ಟಿಲು ಹತ್ತುತ್ತಿದ್ದವು. ಇನ್ನೊಂದರಲ್ಲಿ ಎಂಟೂ ಅಕ್ಕಪಕ್ಕ ಇಟ್ಟ ಇಟ್ಟಿಗೆಗಳು. ಪರದೆಯ ಮೇಲೆ ಅಲೆಯ ಚಿತ್ರವೂ ಹಾಗೇ ಕಾಣುತ್ತಿತ್ತು. ಮೂಲೆಯಲ್ಲಿ ಕೂತಿದ್ದ ಡ್ರಮ್ಮರ್ ಅಲ್ಲಿಯವರೆಗೆ ಬಾಯಿ ಬಿಟ್ಟಿರಲಿಲ್ಲ. ಎದ್ದು ಪರದೆಯ ಹತ್ತಿರ ಬಂದು, "ಇದು ನಾನು ಹೊಡೆದದ್ದಲ್ಲ" ಅಂದ.

ಗಿಟಾರಿಸ್ಟ್ ಒಪ್ಪಿದ. ಮೂವರೂ ಒಪ್ಪಿದರು. ಇನ್ನೂ ಒಂದು ಸಲ ಕೇಳಿಸಿದೆ, ಮತ್ತೆ ಒಪ್ಪಿದರು. ಹೊರಡುವಾಗ ಬಾಗಿಲಲ್ಲಿ ನಿಂತು ಗಿಟಾರಿಸ್ಟ್ ಅಂದ, "ಸಾರ್, ಆದರೂ ರಿಸ್ಕ್ ಬೇಡ. ಜೋರಿನದೇ ಕಳಿಸಿಬಿಡಿ." ಅವರ ಹಾಡು, ಅವರ ದುಡ್ಡು. ಕಳಿಸಿದೆ. ಹಾಡು ಬಿಡುಗಡೆಯಾದ ಎರಡನೇ ದಿನ ಅವನದೇ ಫೋನ್: ಪ್ಲೇಲಿಸ್ಟ್‌ನಲ್ಲಿ ನಮ್ಮ ಹಾಡು ಬೇರೆಯವರದಕ್ಕಿಂತ ಸಪ್ಪೆ ಕೇಳಿಸುತ್ತಿದೆ, ಇನ್ನೂ ಸ್ವಲ್ಪ ಜೋರು ಮಾಡಲು ಆಗುತ್ತದಾ? ಫೋನ್ ಇಟ್ಟ ಮೇಲೆ ಐದು ನಿಮಿಷ ಸುಮ್ಮನೆ ಕೂತಿದ್ದೆ.

ಅದೇ ವಾರ ರಾತ್ರಿ ಹೊತ್ತಲ್ಲದ ಹೊತ್ತಲ್ಲಿ ಡ್ರಮ್ಮರ್‌ನ ಮೇಲ್ ಬಂತು. ಬ್ಯಾಂಡಿನವರಿಗೆ ಹೇಳಬೇಡಿ ಎಂದು ಮೊದಲ ಸಾಲಿನಲ್ಲೇ ಬರೆದಿದ್ದ. ಆ ಎಂಟು ಪೆಟ್ಟು ಮೆಟ್ಟಿಲು ಹತ್ತುವ ಫೈಲ್ ಇನ್ನೂ ಇದೆಯಾ, ಇದ್ದರೆ ತನಗೊಬ್ಬನಿಗೆ ಕಳಿಸಬಹುದಾ ಅಂತ ಕೇಳಿದ್ದ.

ಇತ್ತು. ಕಳಿಸಿದೆ.