ಕಾಂಬೊ ಗಾರ್ಡ್: ಹೊಗಳಿಕೆಯೋ, ಅನುಮಾನವೋ?

ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ಸೀಸನ್ ನವೆಂಬರ್‌ನಲ್ಲಿ ಶುರುವಾಗಿ ಏಪ್ರಿಲ್ ಮೊದಲ ವಾರದ ಹೊತ್ತಿಗೆ ಮುಗಿಯುತ್ತದೆ. ಅಭಿಮಾನಿಗಳ ಜಗಳ ಮಾತ್ರ ಹನ್ನೆರಡು ತಿಂಗಳೂ ಇರುತ್ತದೆ. ಆಟ ಇಲ್ಲದ ದಿನಗಳಲ್ಲಿ ಅವರು ಮಾತಾಡುವುದು ರಿಕ್ರೂಟಿಂಗ್ ಬಗ್ಗೆ, ಅಂದರೆ ಇನ್ನೂ ಹೈಸ್ಕೂಲಿನಲ್ಲಿರುವ ಯಾವ ಹುಡುಗ ನಮ್ಮ ಕಾಲೇಜಿಗೆ ಬರುತ್ತಾನೆ ಅನ್ನುವುದರ ಬಗ್ಗೆ. ಅದರಲ್ಲೂ ಜಾಸ್ತಿ ಬಿಸಿಯೇರುವುದು ಗಾರ್ಡ್‌ಗಳ ವಿಷಯ ಬಂದಾಗ. ಏಳಡಿ ಹುಡುಗನನ್ನು ಕಂಡರೆ ಇವನು ಸೆಂಟರ್ ಎಂದು ಯಾರು ಬೇಕಾದರೂ ಹೇಳಬಹುದು. 6 ಅಡಿ 2 ಇಂಚಿನ, ಹದಿನೇಳು ವರ್ಷದ ಹುಡುಗನನ್ನು ಎಲ್ಲಿ ಆಡಿಸುವುದು? ಅಲ್ಲಿಂದ ವಾದ ಶುರು. ಆ ವಾದದಲ್ಲಿ ಪದೇ ಪದೇ ಬರುವ ಪದ ‘ಕಾಂಬೊ ಗಾರ್ಡ್’.

ತಂಡಕ್ಕೆ ಐದು ಜನ. ಕೋಚ್‌ಗಳು ಅವರವರ ಜಾಗವನ್ನು ಒಂದರಿಂದ ಐದರ ತನಕ ನಂಬರ್ ಹಾಕಿ ಕರೆಯುತ್ತಾರೆ. ಒಂದು ಅಂದರೆ ಪಾಯಿಂಟ್ ಗಾರ್ಡ್. ಬಾಲನ್ನು ಡ್ರಿಬಲ್ ಮಾಡಿಕೊಂಡು ಮುಂದಕ್ಕೆ ತರುವವನು, ಯಾವ ಪ್ಲೇ, ಅಂದರೆ ಮೊದಲೇ ಅಭ್ಯಾಸ ಮಾಡಿದ ಯಾವ ಆಟದ ಯೋಜನೆ ಎಂದು ಕೂಗಿ ಹೇಳುವವನು, ಯಾರಿಗೆ ಯಾವಾಗ ಪಾಸ್ ಕೊಡಬೇಕೆಂದು ಆ ಕ್ಷಣಕ್ಕೆ ನಿರ್ಧರಿಸುವವನು ಅವನೇ. ಎರಡು ಅಂದರೆ ಶೂಟಿಂಗ್ ಗಾರ್ಡ್. ಇವನ ಕೆಲಸ ಮುಖ್ಯವಾಗಿ ಬಾಲ್ ಕೈಯಲ್ಲಿ ಇಲ್ಲದಾಗ ಓಡಾಡಿ ಜಾಗ ಮಾಡಿಕೊಳ್ಳುವುದು, ಪಾಸ್ ಬಂದ ಕೂಡಲೇ ಬುಟ್ಟಿಗೆ ಹಾಕುವುದು. ಮೂರರಿಂದ ಐದರವರೆಗೆ ಫಾರ್ವರ್ಡ್‌ಗಳು ಮತ್ತು ಸೆಂಟರ್. ಅವರ ಕಥೆ ಇಲ್ಲಿ ಬೇಡ. ಒಂದನ್ನೂ ಎರಡನ್ನೂ ಆಡಬಲ್ಲವನು ಕಾಂಬೊ ಗಾರ್ಡ್.

ಇಷ್ಟೇ ಆಗಿದ್ದರೆ ಜಗಳ ಇರುತ್ತಿರಲಿಲ್ಲ. ಅಭಿಮಾನಿಗಳ ಬಾಯಲ್ಲಿ ಈ ಪದ ಎರಡು ಥರ ಕೇಳಿಸುತ್ತದೆ. ಹುಡುಗ ನಮ್ಮ ಕಾಲೇಜಿಗೆ ಬರುತ್ತೇನೆ ಎಂದರೆ, ‘ಕಾಂಬೊ ಗಾರ್ಡ್ ಕಣ್ರೀ, ಎಲ್ಲಿ ಬೇಕಾದರೂ ಆಡ್ತಾನೆ’. ಅದೇ ಹುಡುಗ ಮನಸ್ಸು ಬದಲಾಯಿಸಿ ಎದುರಾಳಿ ಕಾಲೇಜಿಗೆ ಹೋದರೆ, ‘ಬಿಡಿ, ಕಾಂಬೊ ಗಾರ್ಡ್ ಅಷ್ಟೇ. ಪಾಯಿಂಟ್ ಗಾರ್ಡ್ ಆಗೋಷ್ಟು ಪಾಸಿಂಗ್ ಇಲ್ಲ, ಶೂಟಿಂಗ್ ಗಾರ್ಡ್ ಆಗೋಷ್ಟು ಎತ್ತರ ಇಲ್ಲ’. ಇದನ್ನೇ ಇನ್ನೂ ಕಟುವಾಗಿ ಹೇಳುವವರು ‘ಟ್ವೀನರ್’ ಎನ್ನುತ್ತಾರೆ. ಅತ್ತಲೂ ಅಲ್ಲ, ಇತ್ತಲೂ ಅಲ್ಲ ಎಂದು.

ನನ್ನ ಮಟ್ಟಿಗೆ ಈ ಪದ ಹುಡುಗನ ಬಗ್ಗೆ ಹೇಳುವುದಕ್ಕಿಂತ ತಂಡದ ಬಗ್ಗೆ ಹೇಳುವುದೇ ಜಾಸ್ತಿ. 2003ರ ಕ್ರಿಕೆಟ್ ವಿಶ್ವಕಪ್‌ನಲ್ಲಿ ರಾಹುಲ್ ದ್ರಾವಿಡ್ ಕೈಗೆ ಕೀಪಿಂಗ್ ಗ್ಲೌಸ್ ಬಂದಿದ್ದು ಅವರೇ ದೇಶದ ಅತ್ಯುತ್ತಮ ಕೀಪರ್ ಎಂದೇನಲ್ಲ. ಇನ್ನೊಬ್ಬ ಬ್ಯಾಟ್ಸ್‌ಮನ್‌ಗೆ ಜಾಗ ಬೇಕಿತ್ತು, ಅಲ್ವಾ? ಇಲ್ಲೂ ಹಾಗೆಯೇ. ಮುಂದಿನ ವರ್ಷಕ್ಕೆ ಒಳ್ಳೆಯ ಪಾಯಿಂಟ್ ಗಾರ್ಡ್ ಇರುವ ಕಾಲೇಜಿನವರು ಹೊಸ ಹುಡುಗನ ಶೂಟಿಂಗ್ ನೋಡಿ ಕುಣಿಯುತ್ತಾರೆ. ಪಾಯಿಂಟ್ ಗಾರ್ಡ್ ಡಿಗ್ರಿ ಮುಗಿಸಿ ಹೊರಟಿರುವ ಕಾಲೇಜಿನವರು ಅದೇ ವಿಡಿಯೊ ನೋಡಿ ‘ಹಾಗಾದರೆ ಬಾಲ್ ಯಾರು ತರ್ತಾರೆ?’ ಎಂದು ಕೇಳುತ್ತಾರೆ. ಹುಡುಗ ಒಬ್ಬನೇ, ವಿಡಿಯೊ ಒಂದೇ.

ಎತ್ತರ ಯಾಕೆ ಇಷ್ಟು ದೊಡ್ಡ ವಿಷಯ? ತೊಂದರೆ ಬರುವುದು ಡಿಫೆನ್ಸ್‌ನಲ್ಲಿ. ಎರಡನೇ ಜಾಗದಲ್ಲಿ ಆಡಿದರೆ ಎದುರಾಳಿಯ ಎರಡನೆಯವನನ್ನು ತಡೆಯಬೇಕು. ಅವನು 6 ಅಡಿ 5 ಇಂಚು ಇದ್ದರೆ ಆರಡಿಯ ಹುಡುಗ ಎಷ್ಟು ಹಾರಿದರೂ ಅವನ ಶಾಟ್ ತಡೆಯುವುದು ಕಷ್ಟ. ಹಾಗಾಗಿ ಅದೇ ಕೌಶಲ ಎತ್ತರದವನಲ್ಲಿ ಇದ್ದರೆ ಕಾಂಬೊ ಎನ್ನುವುದು ಹೊಗಳಿಕೆ, ಗಿಡ್ಡನಲ್ಲಿ ಇದ್ದರೆ ಅನುಮಾನ. ಪರಿಹಾರ ಇಲ್ಲವೆಂದಲ್ಲ. ಜಾರ್ಜ್‌ಟೌನ್ ಕಾಲೇಜಿನಿಂದ ಬಂದ ಅಲೆನ್ ಐವರ್ಸನ್ ಸುಮಾರು ಆರಡಿ ಎತ್ತರದವರು. ಎನ್‌ಬಿಎ ಎಂಬ ವೃತ್ತಿಪರ ಲೀಗಿನ ಫಿಲಡೆಲ್ಫಿಯಾ ತಂಡದಲ್ಲಿ ಕೋಚ್ ಲ್ಯಾರಿ ಬ್ರೌನ್ ಅವರನ್ನು ಎರಡನೇ ಜಾಗಕ್ಕೆ ಸರಿಸಿ, ಪಾಯಿಂಟ್ ಗಾರ್ಡ್ ಕೆಲಸವನ್ನು ಎರಿಕ್ ಸ್ನೋಗೆ ಕೊಟ್ಟರು. ಎದುರಾಳಿಯ ಎತ್ತರದ ಗಾರ್ಡ್‌ಗಳನ್ನು ತಡೆಯುವ ಭಾರ ಸ್ನೋ ಹೊತ್ತರು. ಐವರ್ಸನ್ ಸುಮ್ನೆ ಸ್ಕೋರ್ ಮಾಡುತ್ತಾ ಹೋದರು. 2001ರಲ್ಲಿ ಎನ್‌ಬಿಎ ಎಂವಿಪಿ, ಅಂದರೆ ವರ್ಷದ ಅತ್ಯುತ್ತಮ ಆಟಗಾರ ಆದರು, ತಂಡ ಫೈನಲ್ ತಲುಪಿತು.

ಸರಿ, ಒಂದೋ ಎರಡೋ ಎಂದು ಕೋಚ್‌ಗಳು ಹೇಗೆ ಅಳೆಯುತ್ತಾರೆ? ಪ್ರತಿ ಜುಲೈನಲ್ಲಿ ಸೌತ್ ಕ್ಯಾರೊಲೈನಾದ ನಾರ್ತ್ ಆಗಸ್ಟಾ ಎಂಬ ಊರಿನಲ್ಲಿ ಪೀಚ್ ಜ್ಯಾಮ್ ಟೂರ್ನಮೆಂಟ್ ನಡೆಯುತ್ತದೆ. ನೈಕಿ ನಡೆಸುವ ಹೈಸ್ಕೂಲ್ ವಯಸ್ಸಿನವರ ಕ್ಲಬ್ ಲೀಗಿಗೆ ಇದೇ ಕೊನೆಯ ಘಟ್ಟ. ದೊಡ್ಡ ದೊಡ್ಡ ಕಾಲೇಜುಗಳ ಕೋಚ್‌ಗಳು ಕಾಲೇಜಿನ ಲೋಗೊ ಇರುವ ಟೀ ಶರ್ಟ್ ಹಾಕಿಕೊಂಡು ಸಾಲಾಗಿ ಕೂತಿರುತ್ತಾರೆ. ಅಭಿಮಾನಿಗಳಿಗೆ ಮರುದಿನ ಸಿಗುವುದು ಡಂಕ್, ತ್ರೀ ಪಾಯಿಂಟರ್ ಇರುವ ಎರಡು ನಿಮಿಷದ ವಿಡಿಯೊ. ಕೋಚ್‌ಗಳ ಕಣ್ಣು ಬೇರೆ ಕಡೆ ಇರುತ್ತದೆ.

ಅವರು ಕಾಯುವುದು ಪಿಕ್ ಆಂಡ್ ರೋಲ್‌ಗೆ. ತಂಡದ ದೊಡ್ಡ ಆಳು ಬಂದು ಗಾರ್ಡಿನ ಪಕ್ಕ ಗೋಡೆಯಂತೆ ನಿಲ್ಲುತ್ತಾನೆ. ಅದು ಸ್ಕ್ರೀನ್. ಗಾರ್ಡ್ ಆ ಸ್ಕ್ರೀನಿಗೆ ಭುಜ ತಾಗಿಸಿಕೊಂಡೇ ದಾಟಬೇಕು. ನಡುವೆ ಸಂದು ಬಿಟ್ಟರೆ ಡಿಫೆಂಡರ್ ನುಸುಳಿ ಬರುತ್ತಾನೆ. ದಾಟಿದ ಮೇಲೆ ಅವನ ಮುಂದೆ ಸುಮಾರು ಒಂದು ಸೆಕೆಂಡ್ ಇರುತ್ತದೆ. ಎದುರಾಳಿಯ ಸೆಂಟರ್ ಮುಂದೆ ಬಂದನೋ, ಹಿಂದೆ ಉಳಿದನೋ? ಸ್ಕ್ರೀನ್ ಇಟ್ಟವನು ಬುಟ್ಟಿಯ ಕಡೆ ಉರುಳಿಕೊಂಡು ಹೊರಟನೋ? ಅವನನ್ನು ತಡೆಯಲು ಆ ಕಡೆಯ ಮೂಲೆಯಿಂದ ಯಾರು ಒಳಗೆ ಬಂದರು? ಬಂದಿದ್ದರೆ ಮೂಲೆಯಲ್ಲಿ ನಮ್ಮವನೊಬ್ಬ ಒಂಟಿಯಾಗಿ ನಿಂತಿದ್ದಾನೆ. ನಿಜವಾದ ಪಾಯಿಂಟ್ ಗಾರ್ಡ್ ಆ ಒಂಟಿ ಹುಡುಗನನ್ನು ಮೊದಲೇ ಕಂಡಿರುತ್ತಾನೆ, ಎಡಗೈಯಿಂದಲೇ ಡ್ರಿಬಲ್ ನಿಲ್ಲಿಸದೆ ಅಡ್ಡ ಪಾಸ್ ಎಸೆಯುತ್ತಾನೆ. ಸ್ಕೋರ್ ಮಾಡುವ ಗಾರ್ಡ್‌ಗೆ ಮೊದಲು ಕಾಣುವುದು ಬುಟ್ಟಿ. ಅವನು ಎರಡು ಹೆಜ್ಜೆ ಹಾಕಿ, ಡಿಫೆಂಡರ್ ತಲೆಯ ಮೇಲಿಂದ ಮೆಲ್ಲಗೆ ತೇಲಿಬಿಡುವ ಫ್ಲೋಟರ್ ಎತ್ತುತ್ತಾನೆ. ಅದು ಒಳಗೆ ಬಿದ್ದರೆ ಸ್ಟ್ಯಾಂಡಿನಲ್ಲಿ ಚಪ್ಪಾಳೆ, ಕೋಚಿನ ಪುಸ್ತಕದಲ್ಲಿ ಮಾತ್ರ ಪ್ರಶ್ನಾರ್ಥಕ ಚಿಹ್ನೆ.

ಅಂಕಿಗಳಲ್ಲಿ ಇದನ್ನು ತೋರಿಸುವುದು ಅಸಿಸ್ಟ್ ಮತ್ತು ಟರ್ನೋವರ್ ಲೆಕ್ಕ. ಕೊಟ್ಟ ಪಾಸಿನಿಂದ ಬುಟ್ಟಿಗೆ ಬಿದ್ದದ್ದು ಎಷ್ಟು, ಕಳೆದುಕೊಂಡ ಬಾಲ್ ಎಷ್ಟು. ಒಂದು ಟರ್ನೋವರ್‌ಗೆ ಎರಡು ಅಸಿಸ್ಟ್ ಇದ್ದರೆ ಪಾಯಿಂಟ್ ಗಾರ್ಡ್ ಎಂದು ಧೈರ್ಯವಾಗಿ ಕರೆಯಬಹುದು. ಒಂದಕ್ಕೆ ಒಂದಾದರೆ ವಾದ ಮುಂದುವರಿಯುತ್ತದೆ.

ಈ ವಾದದಲ್ಲಿ ಎಲ್ಲರೂ ಕೊನೆಗೆ ಬಂದು ನಿಲ್ಲುವುದು ಎನ್‌ಬಿಎ ತಾರೆ ಸ್ಟೀಫನ್ ಕರ್ರಿ ಹೆಸರಿಗೆ. ಸ್ವಲ್ಪ ಸವಕಲಾದ ಉದಾಹರಣೆ, ನಿಜ. ಆದರೆ ಜನ ಹೇಳುವುದು ಅರ್ಧ ಕಥೆ. ‘ಯಾರೂ ಗುರುತಿಸಲಿಲ್ಲ, ನೋಡಿ’ ಎನ್ನುತ್ತಾರೆ. ಅದು ಸರಿಯೇ. ಅಪ್ಪ ಅಮ್ಮ ಇಬ್ಬರೂ ವರ್ಜೀನಿಯಾ ಟೆಕ್‌ಗೆ ಆಡಿದವರು. ಆ ಕಾಲೇಜೇ ಸ್ಕಾಲರ್‌ಶಿಪ್ ಕೊಡದೆ ವಾಕ್ ಆನ್ ಆಗಿ, ಅಂದರೆ ಸ್ವಂತ ಖರ್ಚಿನಲ್ಲಿ ಓದುತ್ತಾ ತಂಡಕ್ಕೆ ಬಾ ಎಂದಿತು. 2006ರಲ್ಲಿ ಕರ್ರಿ ಸೇರಿದ್ದು ಶಾರ್ಲೆಟ್ ಹತ್ತಿರದ ಡೇವಿಡ್‌ಸನ್ ಎಂಬ ಚಿಕ್ಕ ಕಾಲೇಜನ್ನು.

ಜನ ಬಿಡುವ ಅರ್ಧ ಹೀಗಿದೆ. ಡೇವಿಡ್‌ಸನ್‌ನಲ್ಲಿ ಮೊದಲ ಎರಡು ವರ್ಷ ಕರ್ರಿ ಪಾಯಿಂಟ್ ಗಾರ್ಡ್ ಆಗಿರಲೇ ಇಲ್ಲ. ಆ ಕೆಲಸ ಜೇಸನ್ ರಿಚರ್ಡ್ಸ್ ಅವರದು. 2007-08ರಲ್ಲಿ ಇಡೀ ದೇಶದಲ್ಲಿ ಪಂದ್ಯಕ್ಕೆ ಅತಿ ಹೆಚ್ಚು ಅಸಿಸ್ಟ್ ಕೊಟ್ಟವರು ಇದೇ ರಿಚರ್ಡ್ಸ್. ಅವರು ಬಾಲ್ ತರುತ್ತಿದ್ದರು, ಕರ್ರಿ ಸ್ಕ್ರೀನುಗಳ ಹಿಂದೆ ಓಡಿ ಓಡಿ ಶೂಟ್ ಮಾಡುತ್ತಿದ್ದರು. 2008ರ ಮಾರ್ಚ್‌ನಲ್ಲಿ ಗೊಂಜಾಗಾ, ಜಾರ್ಜ್‌ಟೌನ್, ವಿಸ್ಕಾನ್ಸಿನ್ ಮೂರನ್ನೂ ಸೋಲಿಸಿ ಡೇವಿಡ್‌ಸನ್ ರಾಷ್ಟ್ರೀಯ ಟೂರ್ನಮೆಂಟಿನ ಕೊನೆಯ ಎಂಟಕ್ಕೆ ಬಂತು. ಡೆಟ್ರಾಯಿಟ್‌ನಲ್ಲಿ ಕಾನ್ಸಸ್ ವಿರುದ್ಧ ಪಂದ್ಯ. ಕಡೆಯ ಕೆಲವು ಸೆಕೆಂಡು, ಎರಡು ಪಾಯಿಂಟ್ ಹಿಂದೆ. ಆ ಬಾಲನ್ನು ತಂದವರು ಕರ್ರಿ. ಇಬ್ಬರು ಮೈಮೇಲೆ ಬಂದರು. ಶೂಟ್ ಮಾಡುವಂತೆ ತೋರಿಸಿ, ಜಾಗ ಸಿಗದೆ, ಪಾಸ್ ಕೊಟ್ಟದ್ದು ರಿಚರ್ಡ್ಸ್‌ಗೆ. ರಿಚರ್ಡ್ಸ್ ದೂರದಿಂದ ಎಸೆದ ಶಾಟ್ ತಪ್ಪಿತು. 59-57. ಕಾನ್ಸಸ್ ಮುಂದೆ ಹೋಗಿ ಆ ವರ್ಷದ ಚಾಂಪಿಯನ್ ಆಯಿತು.

ಆ ಒಂದು ಪ್ಲೇಯಲ್ಲಿ ಒಂದು ಮತ್ತು ಎರಡು ಪೂರ್ತಿ ಅದಲು ಬದಲಾಗಿದ್ದನ್ನು ಗಮನಿಸಿ. ಶೂಟರ್ ಪಾಸ್ ಕೊಟ್ಟರು, ಪಾಸರ್ ಶೂಟ್ ಮಾಡಿದರು. ತಪ್ಪು ನಿರ್ಧಾರ ಎಂದು ಕೆಲವರು ಈಗಲೂ ಹೇಳುತ್ತಾರೆ. ಇಬ್ಬರು ತನ್ನ ಮೇಲೆ ಬಿದ್ದಾಗ ಬಿಡುವಾಗಿದ್ದವನಿಗೆ ಬಾಲ್ ಕೊಡುವುದು ಪಾಯಿಂಟ್ ಗಾರ್ಡ್ ಮಾಡುವ ಕೆಲಸ, ನನಗೆ ಅದರಲ್ಲಿ ತಪ್ಪು ಕಾಣುವುದಿಲ್ಲ.

ಮರುವರ್ಷ ರಿಚರ್ಡ್ಸ್ ಇರಲಿಲ್ಲ. ಕೋಚ್ ಬಾಬ್ ಮೆಕಿಲಪ್ ಬಾಲನ್ನು ಕರ್ರಿ ಕೈಗೆ ಕೊಟ್ಟರು. ಪಂದ್ಯಕ್ಕೆ 28.6 ಪಾಯಿಂಟ್ ಗಳಿಸಿ ದೇಶಕ್ಕೇ ಮೊದಲಿಗರಾದರು, ಅಸಿಸ್ಟ್ ಕೂಡ ಹೆಚ್ಚುಕಡಿಮೆ ಎರಡು ಪಟ್ಟು ಏರಿ 5.6ಕ್ಕೆ ಬಂತು. ಅದೇ ಸೀಸನ್ನಿನ ನವೆಂಬರ್‌ನಲ್ಲಿ ಮೇರಿಲ್ಯಾಂಡ್‌ನ ಲೊಯೊಲಾ ತಂಡ ಪಂದ್ಯವಿಡೀ ಕರ್ರಿ ಬೆನ್ನಿಗೆ ಇಬ್ಬರನ್ನು ಬಿಟ್ಟಿತು. ಕರ್ರಿ ಹೋಗಿ ಮೂಲೆಯಲ್ಲಿ ನಿಂತರು. ಇಬ್ಬರೂ ಹಿಂದೆಯೇ ಬಂದು ನಿಂತರು. ಉಳಿದ ಜಾಗದಲ್ಲಿ ಡೇವಿಡ್‌ಸನ್ ನಾಲ್ವರು ಲೊಯೊಲಾದ ಮೂವರ ಮೇಲೆ ಆಡಿದರು. ಕರ್ರಿ ಪಾಯಿಂಟ್ ಸೊನ್ನೆ, ಡೇವಿಡ್‌ಸನ್ 78-48ರಿಂದ ಗೆದ್ದಿತು. ಇಷ್ಟಾದರೂ 2009ರ ಎನ್‌ಬಿಎ ಡ್ರಾಫ್ಟ್, ಅಂದರೆ ವೃತ್ತಿಪರ ತಂಡಗಳು ಹೊಸ ಆಟಗಾರರನ್ನು ಸರದಿಯಲ್ಲಿ ಆರಿಸಿಕೊಳ್ಳುವ ಹೊತ್ತಿಗೆ ಅದೇ ಹಳೇ ಪ್ರಶ್ನೆ: ಇವರು ಪಾಯಿಂಟ್ ಗಾರ್ಡೋ, ಗಿಡ್ಡ ಶೂಟಿಂಗ್ ಗಾರ್ಡೋ?

ಪ್ರಶ್ನೆಯಲ್ಲಿ ಹುರುಳಿಲ್ಲದೆ ಇರಲಿಲ್ಲ. ಕರ್ರಿಯನ್ನು ಆರಿಸಿಕೊಂಡ ಗೋಲ್ಡನ್ ಸ್ಟೇಟ್ ತಂಡದಲ್ಲಿ ಆಗಲೇ ಮಾಂಟೆ ಎಲ್ಲಿಸ್ ಇದ್ದರು. ಅವರೂ ಇಷ್ಟೇ ಎತ್ತರ, ಅವರೂ ಸ್ಕೋರರ್. ಇಬ್ಬರು ಕಾಂಬೊಗಳು ಒಟ್ಟಿಗೆ ಆಡುವಾಗ ಡಿಫೆನ್ಸ್ ಸೋರುತ್ತಿತ್ತು. 2012ರ ಮಾರ್ಚ್‌ನಲ್ಲಿ ಎಲ್ಲಿಸ್ ಅವರನ್ನು ಮಿಲ್ವಾಕಿ ತಂಡಕ್ಕೆ ಕಳಿಸಿದರು. ಕರ್ರಿ ಪಕ್ಕಕ್ಕೆ 6 ಅಡಿ 6 ಇಂಚಿನ ಕ್ಲೇ ಥಾಂಪ್ಸನ್ ಬಂದರು. ಆಮೇಲೆ ಕರ್ರಿ ಒಂದೋ ಎರಡೋ ಎಂದು ಯಾರೂ ಕೇಳಲಿಲ್ಲ.

ಉಲ್ಟಾ ದಾರಿಯೂ ಇದೆ. ರಸೆಲ್ ವೆಸ್ಟ್‌ಬ್ರೂಕ್ ಯುಸಿಎಲ್‌ಎ ಕಾಲೇಜಿನಲ್ಲಿ ಡ್ಯಾರೆನ್ ಕಾಲಿಸನ್ ಪಕ್ಕದಲ್ಲಿ ಹೆಚ್ಚಾಗಿ ಎರಡನೆಯವರಾಗಿ ಆಡಿದರು, ಎನ್‌ಬಿಎಗೆ ಹೋಗಿ ಪಾಯಿಂಟ್ ಗಾರ್ಡ್ ಆದರು. ಇನ್ನೊಬ್ಬ ಗಾರ್ಡ್ ಜಾ ಮೊರಾಂಟ್ ಅವರಂತೂ ಹೈಸ್ಕೂಲ್ ಆಟಗಾರರ ದೊಡ್ಡ ರ‍್ಯಾಂಕಿಂಗ್ ಪಟ್ಟಿಗಳಲ್ಲೇ ಇರಲಿಲ್ಲ. ಮರ್ರಿ ಸ್ಟೇಟ್ ಕಾಲೇಜಿನ ಸಹಾಯಕ ಕೋಚ್ ಬೇರೆ ಹುಡುಗನನ್ನು ನೋಡಲು ಒಂದು ಕ್ಯಾಂಪಿಗೆ ಹೋಗಿದ್ದರು. ತಿನ್ನಲು ಏನಾದರೂ ಸಿಗುತ್ತಾ ಎಂದು ಎದ್ದು ಹೋದಾಗ ಪಕ್ಕದ ಚಿಕ್ಕ ಜಿಮ್ಮಿನಲ್ಲಿ ಬಾಲ್ ಸದ್ದು ಕೇಳಿ ಇಣುಕಿದರಂತೆ. 2018-19ರಲ್ಲಿ ಅದೇ ಮೊರಾಂಟ್ ಪಂದ್ಯಕ್ಕೆ 24.5 ಪಾಯಿಂಟ್, 10 ಅಸಿಸ್ಟ್ ಗಳಿಸಿದರು.

ಈಗೀಗ ಒಂದು, ಎರಡು ಎಂಬ ಗೆರೆಯೇ ಮಸುಕಾಗುತ್ತಿದೆ. 2017-18ರಲ್ಲಿ ಓಕ್ಲಹಾಮದ ಟ್ರೇ ಯಂಗ್ ಪಾಯಿಂಟ್, ಅಸಿಸ್ಟ್ ಎರಡರಲ್ಲೂ ದೇಶಕ್ಕೆ ಮೊದಲಿಗರಾದರು. 2021-22ರಲ್ಲಿ ಮಹಿಳೆಯರಲ್ಲಿ ಐಯೊವಾದ ಕೇಟ್ಲಿನ್ ಕ್ಲಾರ್ಕ್ ಅದನ್ನೇ ಮಾಡಿದರು. ಕಾಲೇಜುಗಳ ಅಧಿಕೃತ ಆಟಗಾರರ ಪಟ್ಟಿಯಲ್ಲೂ ಹೆಸರಿನ ಮುಂದೆ ಸಾಮಾನ್ಯವಾಗಿ ಬರೀ ‘ಜಿ’, ಅಂದರೆ ಗಾರ್ಡ್ ಎಂದಿರುತ್ತದೆ. ಒಂದೋ ಎರಡೋ ಎಂದು ಹೆಸರಿಟ್ಟು ಒಡೆಯುವವರು ಹೆಚ್ಚಾಗಿ ಅಭಿಮಾನಿಗಳು ಮತ್ತು ಹುಡುಗರಿಗೆ ಸ್ಟಾರ್ ಹಚ್ಚುವ ರಿಕ್ರೂಟಿಂಗ್ ಸೈಟುಗಳು.

ವಾದದ ದಿಕ್ಕು ಬದಲಿಸಿದ್ದು ಟ್ರಾನ್ಸ್‌ಫರ್ ಪೋರ್ಟಲ್. 2018ರಲ್ಲಿ ಬಂದ ಈ ವ್ಯವಸ್ಥೆಯಲ್ಲಿ ಕಾಲೇಜು ಬದಲಿಸಬೇಕೆನ್ನುವ ಆಟಗಾರ ತನ್ನ ಹೆಸರು ದಾಖಲಿಸುತ್ತಾನೆ. ಮೊದಲ ಸಲ ಬದಲಿಸುವವನು ಒಂದು ವರ್ಷ ಹೊರಗೆ ಕೂರಬೇಕು ಎಂಬ ನಿಯಮವನ್ನು 2021ರಲ್ಲಿ ತೆಗೆದರು. ಇದರಿಂದ ಕೋಚ್‌ಗಳಿಗೆ ಊಹೆಯ ಕೆಲಸ ಕಡಿಮೆಯಾಯಿತು. ಬೇರೆ ಕಾಲೇಜಿನಲ್ಲಿ ಮೂರು ವರ್ಷ ಆಡಿದ ಗಾರ್ಡ್‌ನ ಅಸಿಸ್ಟ್, ಟರ್ನೋವರ್, ಎತ್ತರ ಎಲ್ಲ ಕಣ್ಣ ಮುಂದೆಯೇ ಇರುತ್ತದೆ.

2025ರ ಏಪ್ರಿಲ್‌ನಲ್ಲಿ ಹ್ಯೂಸ್ಟನ್ ತಂಡವನ್ನು 65-63ರಿಂದ ಸೋಲಿಸಿ ಚಾಂಪಿಯನ್ ಆದ ಫ್ಲಾರಿಡಾ ತಂಡದ ಮೂವರು ಗಾರ್ಡ್‌ಗಳೂ ಚಿಕ್ಕ ಕಾಲೇಜುಗಳಿಂದ ಬಂದವರು. ವಾಲ್ಟರ್ ಕ್ಲೇಟನ್ ಐಯೋನಾದಿಂದ, ಅಲೈಜಾ ಮಾರ್ಟಿನ್ ಫ್ಲಾರಿಡಾ ಅಟ್ಲಾಂಟಿಕ್‌ನಿಂದ, ವಿಲ್ ರಿಚರ್ಡ್ ಬೆಲ್ಮಾಂಟ್‌ನಿಂದ. ಕ್ಲೇಟನ್ ಬಾಲನ್ನೂ ತರುತ್ತಿದ್ದರು, ಸ್ಕ್ರೀನ್ ಹಿಂದೆ ಓಡಿ ಶೂಟ್ ಕೂಡ ಮಾಡುತ್ತಿದ್ದರು. ಕಾಂಬೊ ಗಾರ್ಡ್ ಎಂದರೆ ಹೇಗಿರಬೇಕು ಎಂದು ಕೇಳಿದರೆ ಅವರ ಆ ಸೀಸನ್ನಿನ ಯಾವುದಾದರೂ ಒಂದು ಪಂದ್ಯ ಪೂರ್ತಿ ನೋಡಿ, ಎರಡು ನಿಮಿಷದ ವಿಡಿಯೊ ಬೇಡ.